ಕೆಮ್ಮೆಲ್ಲ ಕ್ಷಯವಲ್ಲ: ಆರಂಭದಲ್ಲೇ ಪತ್ತೆಯಾದರೆ ಶ್ವಾಸಕೋಶದ ಕ್ಯಾನ್ಸರ್ ಗುಣಸಾಧ್ಯ

ಮನ್ನಾಏಖೇಳ್ಳಿ: ತೊಗರಿ ರಾಶಿಯ ದಿನಗಳಲ್ಲಿ ಹೊಲದ ದೂಳು, ಅಡುಗೆಮನೆಯಲ್ಲಿ ಕಟ್ಟಿಗೆ ಒಲೆಯ ಹೊಗೆ, ವರ್ಷವಿಡೀ ಹೈದರಾಬಾದ್-ಪುಣೆ ಹೆದ್ದಾರಿಯಲ್ಲಿ ಸಾಗುವ ಲಾರಿಗಳ ಹೊಗೆ. ಬೀದರ್ ಜಿಲ್ಲೆಯ ಈ ಭಾಗದಲ್ಲಿ ಕೆಮ್ಮು ಯಾರಿಗೂ ಹೊಸತಲ್ಲ. ಬೀಡಿ ಸೇದುವವರ ಮನೆಯಲ್ಲಂತೂ ಬೆಳಗಿನ ಕೆಮ್ಮನ್ನು ಯಾರೂ ಕಾಯಿಲೆ ಎಂದು ಎಣಿಸುವುದೇ ಇಲ್ಲ.

ಇಂಥ ಒಂದು ಮನೆಯ ಐವತ್ತೈದು ವರ್ಷದ ರೈತನೊಬ್ಬನಿಗೆ ತಿಂಗಳಿಂದ ಕೆಮ್ಮು ಬಿಟ್ಟಿಲ್ಲ ಎಂದಿಟ್ಟುಕೊಳ್ಳೋಣ. ಮೊದಲು ಔಷಧ ಅಂಗಡಿಯ ಸಿರಪ್, ಆಮೇಲೆ ಊರಿನ ವೈದ್ಯರ ಚುಚ್ಚುಮದ್ದು, ಕೊನೆಗೆ ಎಕ್ಸ್‌ರೇ. ಅದರಲ್ಲಿ ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಬಿಳಿ ಕಲೆ ಕಾಣಿಸುತ್ತದೆ. 'ಟಿ.ಬಿ. ಇರಬೇಕು' ಎಂಬ ಮಾತು ಬರುತ್ತದೆ. ಕಫದಲ್ಲಿ ರೋಗಾಣು ಕಾಣದಿದ್ದರೂ ಆರು ತಿಂಗಳ ಮಾತ್ರೆ ಆರಂಭವಾಗುತ್ತದೆ. ಬಹಳಷ್ಟು ಸಲ ಆ ಊಹೆ ಸರಿಯೇ ಆಗಿರುತ್ತದೆ, ರೋಗಿ ಗುಣಮುಖನಾಗುತ್ತಾನೆ. ಆದರೆ ಕೆಲವೊಮ್ಮೆ ಆ ಕಲೆ ಕ್ಷಯದ್ದಲ್ಲ, ಆಗ ತಾನೇ ಮೊಳೆತ ಕ್ಯಾನ್ಸರಿನದು. ಶಸ್ತ್ರಚಿಕಿತ್ಸೆಯಿಂದ ಬೇರುಸಹಿತ ತೆಗೆಯಬಹುದಾದ ಕಾಲ ಆ ಆರು ತಿಂಗಳಲ್ಲಿಯೇ ಕಳೆದುಹೋಗಬಹುದು.

ಶ್ವಾಸಕೋಶದ ಕ್ಯಾನ್ಸರ್ ಎಂದರೆ ಸಾವು ಖಚಿತ ಎಂಬ ಭಾವನೆ ಜನರಲ್ಲಿ ಆಳವಾಗಿ ಬೇರೂರಿದೆ. ಆರಂಭದ ಹಂತದಲ್ಲಿ ಪತ್ತೆಯಾದವರ ಮಟ್ಟಿಗೆ ಇದು ನಿಜವಲ್ಲ. ಹಾಗೆ ಪತ್ತೆಯಾಗುವವರ ಸಂಖ್ಯೆ ಬಹಳ ಕಡಿಮೆ ಎಂಬುದೇ ನಿಜವಾದ ಸಮಸ್ಯೆ.

ಅಂಕಿ ಅಂಶಗಳು ಏನು ಹೇಳುತ್ತವೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ, ಜಗತ್ತಿನಲ್ಲಿ ಆ ಒಂದು ವರ್ಷದಲ್ಲಿ ಸುಮಾರು 25 ಲಕ್ಷ ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 18 ಲಕ್ಷ ಜನ ಅದರಿಂದ ಮೃತಪಟ್ಟರು. ಭಾರತದಲ್ಲಿ ಹೊಸ ರೋಗಿಗಳು ಸುಮಾರು 81 ಸಾವಿರ, ಮೃತಪಟ್ಟವರು ಸುಮಾರು 75 ಸಾವಿರ. ಈ ಎರಡು ಸಂಖ್ಯೆಗಳು ಇಷ್ಟು ಸಮೀಪ ಇರುವುದಕ್ಕೆ ಮುಖ್ಯ ಕಾರಣ, ನಮ್ಮಲ್ಲಿ ಬಹುತೇಕ ರೋಗಿಗಳು ಆಸ್ಪತ್ರೆಗೆ ಬರುವ ವೇಳೆಗೆ ರೋಗ ಮೂರನೆಯ ಅಥವಾ ನಾಲ್ಕನೆಯ ಹಂತ ತಲುಪಿರುವುದು.

ವಿದ್ಯೆ, ಹಣ, ಮಹಾನಗರದ ವಾಸ ಯಾವುದೂ ಇದಕ್ಕೆ ಪೂರ್ಣ ರಕ್ಷಣೆಯಲ್ಲ. ಕೇಂದ್ರ ಸಚಿವರಾಗಿದ್ದ ಅನಂತಕುಮಾರ್ 2018ರ ನವೆಂಬರ್ 12ರಂದು ಬೆಂಗಳೂರಿನಲ್ಲಿ ಇದೇ ರೋಗದಿಂದ ನಿಧನರಾದಾಗ ಅವರಿಗೆ 59 ವರ್ಷ. ಕನ್ನಡಿಗರಿಗೆಲ್ಲ ಪರಿಚಿತ ಧ್ವನಿಯಾಗಿದ್ದ ನಿರೂಪಕಿ ಅಪರ್ಣಾ 2024ರ ಜುಲೈ 11ರಂದು ತೀರಿಕೊಂಡರು. 2022ರಲ್ಲಿ ಪತ್ತೆಯಾದಾಗಲೇ ರೋಗ ನಾಲ್ಕನೆಯ ಹಂತದಲ್ಲಿತ್ತು ಎಂದು ಅವರ ಪತಿ, ಲೇಖಕ ನಾಗರಾಜ ವಸ್ತಾರೆ ಆಗ ತಿಳಿಸಿದ್ದರು.

ಸದ್ದಿಲ್ಲದೆ ಬೆಳೆಯುವುದೇಕೆ?

ಕೈಗೆ ಗಾಯವಾದರೆ ತಕ್ಷಣ ನೋವಾಗುತ್ತದೆ. ಶ್ವಾಸಕೋಶದ ಒಳಭಾಗಕ್ಕೆ ಅಂಥ ನೋವಿನ ಅರಿವಿಲ್ಲ. ನೋವು ತಿಳಿಯುವುದು ಅದನ್ನು ಹೊದ್ದಿರುವ ಪೊರೆಗೆ ಮತ್ತು ಎದೆಯ ಗೋಡೆಗೆ. ಆದ್ದರಿಂದ ಶ್ವಾಸಕೋಶದ ಅಂಚಿನಿಂದ ದೂರದಲ್ಲಿ ಒಂದೆರಡು ಸೆಂಟಿಮೀಟರ್ ಗಾತ್ರದ ಗಡ್ಡೆ ಬೆಳೆದರೂ ರೋಗಿಗೆ ಏನೂ ಅನ್ನಿಸದಿರಬಹುದು. ಉಸಿರಾಟದಲ್ಲೂ ವ್ಯತ್ಯಾಸ ಕಾಣದು. ಬಲಗಡೆ ಮೂರು, ಎಡಗಡೆ ಎರಡು, ಹೀಗೆ ಒಟ್ಟು ಐದು ಹಾಲೆಗಳಿರುವ ಈ ಅಂಗಕ್ಕೆ ಸಾಕಷ್ಟು ಮೀಸಲು ಸಾಮರ್ಥ್ಯವಿದೆ.

ಈ ಕಾರಣದಿಂದ ಮೊದಲ ಹಂತದ ಕ್ಯಾನ್ಸರ್ ಹಲವು ಸಲ ಆಕಸ್ಮಿಕವಾಗಿ ಪತ್ತೆಯಾಗುತ್ತದೆ. ಹರ್ನಿಯಾ ಅಥವಾ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಮುನ್ನ ತೆಗೆಸಿದ ಎಕ್ಸ್‌ರೇ, ಅಪಘಾತದ ನಂತರ ಮಾಡಿದ ಸಿ.ಟಿ. ಸ್ಕ್ಯಾನ್ ಇಂಥ ಸಂದರ್ಭಗಳು. 'ಬಂದ ಕೆಲಸ ಮುಗಿಯಿತು' ಎಂದು ಆ ವರದಿಯ ಕೊನೆಯ ಸಾಲನ್ನು ಓದದೆ ಮಡಚಿಡುವುದು ಅಪಾಯಕರ. ಅದರಲ್ಲಿ ಗಂಟು, ನೆರಳು, ಕಲೆ ಎಂಬ ಉಲ್ಲೇಖವಿದ್ದರೆ ವೈದ್ಯರನ್ನು ಕೇಳಲೇಬೇಕು.

ಲಕ್ಷಣಗಳು ಕಾಣಿಸಿಕೊಂಡಾಗ ಅವು ಸಾಮಾನ್ಯ ಕಾಯಿಲೆಗಳಂತೆಯೇ ಇರುತ್ತವೆ. ಎರಡು ಮೂರು ವಾರ ಕಳೆದರೂ ಹೋಗದ ಕೆಮ್ಮು, ಹಳೆಯ ಕೆಮ್ಮಿನ ಸ್ವರೂಪ ಬದಲಾಗುವುದು, ಕಫದಲ್ಲಿ ರಕ್ತದ ಎಳೆ, ಮೊದಲಿಲ್ಲದ ದಮ್ಮು, ಎದೆ ಅಥವಾ ಭುಜದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಧ್ವನಿ ಒಡೆಯುವುದು ಇವುಗಳಲ್ಲಿ ಮುಖ್ಯವಾದವು. ಶ್ವಾಸಕೋಶದ ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ ಆಗುತ್ತಿದ್ದರೆ, ಅಲ್ಲಿ ಶ್ವಾಸನಾಳವನ್ನು ಏನೋ ಅಡ್ಡಗಟ್ಟಿದೆಯೇ ಎಂದು ನೋಡಬೇಕಾಗುತ್ತದೆ.

ಕ್ಷಯವೋ, ಕ್ಯಾನ್ಸರೋ?

ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಹೀಗಿರುವಾಗ ಕೆಮ್ಮು, ತೂಕ ಇಳಿಕೆ, ಕಫದಲ್ಲಿ ರಕ್ತ ಕಂಡರೆ ವೈದ್ಯರು ಮೊದಲು ಕ್ಷಯವನ್ನು ಶಂಕಿಸುವುದು ಸಹಜ, ಅದು ಸರಿಯೂ ಹೌದು. ತೊಂದರೆ ಇರುವುದು ಶಂಕೆಯನ್ನೇ ತೀರ್ಮಾನವೆಂದು ಭಾವಿಸುವುದರಲ್ಲಿ. ಎಕ್ಸ್‌ರೇಯಲ್ಲಿ ಎರಡೂ ರೋಗಗಳು ಬಿಳಿ ಕಲೆಯಾಗಿಯೇ ಕಾಣುತ್ತವೆ. ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಹಿಂದೆ ಕ್ಷಯ ಬಂದು ಗುಣವಾದವರಲ್ಲಿ ಉಳಿಯುವ ಗಾಯದ ಗುರುತು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಒಬ್ಬರಲ್ಲಿಯೇ ಎರಡೂ ರೋಗಗಳು ಒಟ್ಟಿಗೆ ಇರುವುದೂ ಉಂಟು.

ಆದರೆ ಇಂದು ಕ್ಷಯವನ್ನು ಖಚಿತಪಡಿಸಿಕೊಳ್ಳುವ ದಾರಿ ಹಿಂದಿಗಿಂತ ಸುಲಭ. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಗಳ ಮೂಲಕ ಕಫದ ಪರೀಕ್ಷೆ ಉಚಿತವಾಗಿ ನಡೆಯುತ್ತದೆ. ಸಿಬಿನಾಟ್, ಟ್ರೂನಾಟ್ ಎಂಬ ಯಂತ್ರಗಳು ಕಫದಲ್ಲಿರುವ ಕ್ಷಯಾಣುವಿನ ವಂಶವಾಹಿಯನ್ನೇ ಕೆಲವೇ ಗಂಟೆಗಳಲ್ಲಿ ಗುರುತಿಸುತ್ತವೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ರೋಗಾಣುಗಳಿದ್ದರೂ ಇವು ಹಲವು ವೇಳೆ ಪತ್ತೆ ಹಚ್ಚಬಲ್ಲವು.

ಈ ಪರೀಕ್ಷೆಯಲ್ಲಿ ಕ್ಷಯ ಖಚಿತವಾದರೆ ಮಾತ್ರೆಗಳನ್ನು ಪೂರ್ತಿ ಅವಧಿ ತೆಗೆದುಕೊಳ್ಳಲೇಬೇಕು. ಕ್ಯಾನ್ಸರಿನ ಭಯದಿಂದ ಯಾರೂ ತಾವಾಗಿಯೇ ಅವನ್ನು ನಿಲ್ಲಿಸಬಾರದು. ರೋಗಾಣು ಸಿಗದಿದ್ದಾಗ ಎಕ್ಸ್‌ರೇಯ ಆಧಾರದ ಮೇಲೆಯೇ ಚಿಕಿತ್ಸೆ ಆರಂಭಿಸುವ ಸಂದರ್ಭವೂ ಬರುತ್ತದೆ. ಆಗ ರೋಗಿಯ ಮನೆಯವರು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು, 'ಕಫದಲ್ಲಿ ರೋಗಾಣು ಸಿಕ್ಕಿದೆಯೇ?' ಎರಡನೆಯದು, 'ಸಿಕ್ಕಿಲ್ಲವಾದರೆ ಮತ್ತೆ ಎಕ್ಸ್‌ರೇ ಯಾವಾಗ?' ಕೆಲವು ವಾರಗಳ ಔಷಧದ ನಂತರವೂ ಕಲೆ ಕರಗದೆ ಉಳಿದಿದ್ದರೆ ಅಥವಾ ದೊಡ್ಡದಾಗಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು. ನಲವತ್ತು ದಾಟಿದ, ಧೂಮಪಾನದ ಅಭ್ಯಾಸವುಳ್ಳವರ ವಿಷಯದಲ್ಲಿ ಆರು ತಿಂಗಳು ಮುಗಿಯಲೆಂದು ಕಾಯುವುದು ಸಲ್ಲದು.

ಆರು ತಿಂಗಳ ಲೆಕ್ಕ

ಕಾಯುವುದರಿಂದ ಆಗುವ ನಷ್ಟವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಡ್ಡೆಯೊಂದು ನಾಲ್ಕು ತಿಂಗಳಿಗೊಮ್ಮೆ ತನ್ನ ಘನಗಾತ್ರವನ್ನು ಇಮ್ಮಡಿಗೊಳಿಸುತ್ತದೆ ಎಂದು ಭಾವಿಸೋಣ. ಎರಡೂವರೆ ಸೆಂಟಿಮೀಟರ್ ಅಗಲವಿದ್ದದ್ದು ಆರು ತಿಂಗಳಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಆಗುತ್ತದೆ. ನೋಡಲು ಹೆಚ್ಚಾಗಿದ್ದು ಒಂದೇ ಸೆಂಟಿಮೀಟರ್. ಆದರೆ ಅದರೊಳಗಿನ ಕ್ಯಾನ್ಸರ್ ಜೀವಕೋಶಗಳ ರಾಶಿ ಸುಮಾರು ಮೂರು ಪಟ್ಟಾಗಿರುತ್ತದೆ. ಎಲ್ಲ ಗಡ್ಡೆಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಕೆಲವು ಇದಕ್ಕಿಂತ ನಿಧಾನ, ಕೆಲವು ಬಹಳ ವೇಗ.

ರೋಗಿಯ ಮುಂದಿನ ಆಯುಷ್ಯವನ್ನು ನಿರ್ಧರಿಸುವಲ್ಲಿ ಈ ಸೆಂಟಿಮೀಟರುಗಳ ಪಾತ್ರ ದೊಡ್ಡದು. ಗಡ್ಡೆ 4 ಸೆಂ.ಮೀ. ಒಳಗಿದ್ದು ದುಗ್ಧಗ್ರಂಥಿಗಳಿಗೆ ಹರಡದಿದ್ದರೆ ಅದು ಮೊದಲ ಹಂತ. ಅದಕ್ಕಿಂತ ದೊಡ್ಡದಾದರೆ, ಅಥವಾ ಅದೇ ಶ್ವಾಸಕೋಶದೊಳಗಿನ ದುಗ್ಧಗ್ರಂಥಿಗಳನ್ನು ಮುಟ್ಟಿದ್ದರೆ ಸಾಮಾನ್ಯವಾಗಿ ಎರಡನೆಯ ಹಂತ. ಎದೆಯ ನಡುಭಾಗದ ಗ್ರಂಥಿಗಳಿಗೆ ಹರಡಿದಾಗ ಹೆಚ್ಚಾಗಿ ಮೂರನೆಯ ಹಂತ. ಮಿದುಳು, ಮೂಳೆ, ಯಕೃತ್ತು ಮುಂತಾದೆಡೆ ತಲುಪಿದರೆ ನಾಲ್ಕನೆಯ ಹಂತ. ಆರಂಭಿಕ ಹಂತ ಎನ್ನುವುದು ಮುಖ್ಯವಾಗಿ ಮೊದಲ ಎರಡನ್ನು.

ಹಲವು ದೇಶಗಳ ರೋಗಿಗಳ ಮಾಹಿತಿ ಕಲೆಹಾಕಿದ ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ, ಒಂದು ಸೆಂ.ಮೀ. ಒಳಗಿರುವಾಗ ಪತ್ತೆಯಾದವರಲ್ಲಿ ಶೇ 92ರಷ್ಟು ಜನ ಐದು ವರ್ಷಗಳ ನಂತರವೂ ಬದುಕಿದ್ದರು. ಎರಡರಿಂದ ಮೂರು ಸೆಂ.ಮೀ. ಇದ್ದವರಲ್ಲಿ ಈ ಪ್ರಮಾಣ ಶೇ 77, ಮೂರರಿಂದ ನಾಲ್ಕು ಸೆಂ.ಮೀ. ಇದ್ದವರಲ್ಲಿ ಶೇ 68. ಎರಡನೆಯ ಹಂತದ ಕೊನೆಯ ಭಾಗದಲ್ಲಿ ಶೇ 53. ನಾಲ್ಕನೆಯ ಹಂತದಲ್ಲಿ ಶೇ 10 ಅಥವಾ ಅದಕ್ಕೂ ಕಡಿಮೆ. ಇತ್ತೀಚಿನ ಔಷಧಗಳು ಬರುವ ಮೊದಲಿನ ಲೆಕ್ಕವಿದು. ಅವುಗಳಿಂದ ಕೊನೆಯ ಹಂತದ ಹಲವರ ಆಯುಷ್ಯ ಈಗ ಹೆಚ್ಚಿದೆಯಾದರೂ ಹಂತದಿಂದ ಹಂತಕ್ಕಿರುವ ಅಂತರ ಅಳಿದಿಲ್ಲ.

ಯಾವ ಯಾವ ಪರೀಕ್ಷೆಗಳು?

ಎಕ್ಸ್‌ರೇ ಅಗ್ಗ ಮತ್ತು ಸುಲಭ. ಆದರೆ ಹೃದಯದ ಹಿಂದೆ, ಪಕ್ಕೆಲುಬು ಅಥವಾ ಕೊರಳೆಲುಬಿನ ಮರೆಯಲ್ಲಿ ಅಡಗಿದ ಸಣ್ಣ ಗಡ್ಡೆ ಅದಕ್ಕೆ ಕಾಣದಿರಬಹುದು. ಆದ್ದರಿಂದ 'ಎಕ್ಸ್‌ರೇ ನಾರ್ಮಲ್' ಎಂದ ಮಾತ್ರಕ್ಕೆ ತಿಂಗಳುಗಟ್ಟಲೆ ಮುಂದುವರಿದ ಕೆಮ್ಮನ್ನು ಅಥವಾ ಕಫದಲ್ಲಿನ ರಕ್ತವನ್ನು ಕಡೆಗಣಿಸುವಂತಿಲ್ಲ. ಸಿ.ಟಿ. ಸ್ಕ್ಯಾನ್ ಶ್ವಾಸಕೋಶವನ್ನು ತೆಳುವಾದ ಪದರಗಳಾಗಿ ತೋರಿಸುವುದರಿಂದ ಕೆಲವೇ ಮಿಲಿಮೀಟರ್ ಗಾತ್ರದ ಗಂಟು ಕೂಡ ಕಾಣುತ್ತದೆ.

ಗಂಟು ಕಂಡ ಮಾತ್ರಕ್ಕೆ ಅದು ಕ್ಯಾನ್ಸರ್ ಅಲ್ಲ. ಸಣ್ಣ ಗಂಟುಗಳಲ್ಲಿ ಬಹುಪಾಲು ಹಳೆಯ ಸೋಂಕಿನ ಗುರುತುಗಳು. ಅವುಗಳ ಗಾತ್ರ, ಅಂಚು ಮತ್ತು ರೋಗಿಯ ವಯಸ್ಸು, ಧೂಮಪಾನದ ಇತಿಹಾಸ ನೋಡಿ ವೈದ್ಯರು ಕೆಲವು ತಿಂಗಳ ನಂತರ ಮತ್ತೆ ಸ್ಕ್ಯಾನ್ ಮಾಡಿಸಲು ಹೇಳಬಹುದು. ಗಟ್ಟಿಯಾದ ಗಂಟು ಎರಡು ವರ್ಷವಾದರೂ ಬೆಳೆಯದಿದ್ದರೆ ಅದು ಬಹುಮಟ್ಟಿಗೆ ನಿರಪಾಯಕಾರಿ. ಹಳೆಯ ಎಕ್ಸ್‌ರೇ ಫಿಲ್ಮುಗಳಿಗೆ ಬೆಲೆ ಬರುವುದು ಇಲ್ಲಿಯೇ. ಐದು ವರ್ಷದ ಹಿಂದಿನ ಫಿಲ್ಮಿನಲ್ಲಿ ಅದೇ ಕಲೆ ಅಷ್ಟೇ ಗಾತ್ರದಲ್ಲಿದ್ದರೆ ಆತಂಕ ಬಹುತೇಕ ದೂರವಾಗುತ್ತದೆ. ಆಗ ಇಲ್ಲದ್ದು ಈಗ ಕಂಡರೆ ಅದೇ ಎಚ್ಚರಿಕೆಯ ಗಂಟೆ.

ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಖಚಿತವಾಗಿ ಹೇಳುವುದು ಬಯಾಪ್ಸಿ. ಸ್ಕ್ಯಾನ್ ನೆರವಿನಿಂದ ಎದೆಯ ಮೂಲಕ ಸೂಜಿ ಹಾಕಿ ಅಥವಾ ಬಾಯಿ, ಮೂಗಿನ ಮೂಲಕ ಬ್ರಾಂಕೋಸ್ಕೋಪ್ ಕೊಳವೆ ಇಳಿಸಿ ಅಂಗಾಂಶದ ಚೂರನ್ನು ತೆಗೆಯಲಾಗುತ್ತದೆ. 'ಸೂಜಿ ತಾಕಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ' ಎಂಬ ಮಾತು ಹಳ್ಳಿ, ಪಟ್ಟಣ ಎನ್ನದೆ ಎಲ್ಲೆಡೆ ಕೇಳಿಬರುತ್ತದೆ. ಈ ಭಯಕ್ಕೆ ಬಯಾಪ್ಸಿಯನ್ನೇ ಬಿಡುವಷ್ಟು ಆಧಾರವಿಲ್ಲ. ಸೂಜಿಯಿಂದ ಎದೆಯೊಳಗೆ ಗಾಳಿ ಸೇರುವುದು, ಸ್ವಲ್ಪ ರಕ್ತಸ್ರಾವ ಆಗುವುದು ಇದರ ನಿಜವಾದ ತೊಂದರೆಗಳು. ಅವನ್ನು ಆಸ್ಪತ್ರೆಯಲ್ಲಿ ನಿಭಾಯಿಸಬಹುದು. ಬಯಾಪ್ಸಿ ತಪ್ಪಿಸಿಕೊಂಡು ಕಳೆಯುವ ತಿಂಗಳುಗಳಲ್ಲಿ ಮಾತ್ರ ಕ್ಯಾನ್ಸರ್ ಖಂಡಿತ ಬೆಳೆಯುತ್ತದೆ.

ರೋಗ ಎಲ್ಲಿಯವರೆಗೆ ಹರಡಿದೆ ಎಂದು ತಿಳಿಯಲು ಪೆಟ್-ಸಿ.ಟಿ. ಮತ್ತು ಅಗತ್ಯವಿದ್ದರೆ ಮಿದುಳಿನ ಎಂ.ಆರ್.ಐ. ಮಾಡಲಾಗುತ್ತದೆ. ಕ್ಷಯದ ಗ್ರಂಥಿಗಳೂ ಪೆಟ್-ಸಿ.ಟಿ.ಯಲ್ಲಿ ಕ್ಯಾನ್ಸರಿನಂತೆಯೇ ಹೊಳೆಯುವುದುಂಟು. ಹೀಗಾಗಿ 'ಗ್ರಂಥಿಗಳಿಗೂ ಹರಡಿದೆ, ಶಸ್ತ್ರಚಿಕಿತ್ಸೆ ಆಗದು' ಎಂದು ತೀರ್ಮಾನಿಸುವ ಮುನ್ನ ಆ ಗ್ರಂಥಿಯಿಂದಲೂ ಚೂರು ತೆಗೆದು ಪರೀಕ್ಷಿಸುವುದು ನಮ್ಮ ದೇಶದಲ್ಲಿ ವಿಶೇಷವಾಗಿ ಮುಖ್ಯ.

ಶಸ್ತ್ರಚಿಕಿತ್ಸೆ: ಮುಖ್ಯ ಅಸ್ತ್ರ

ಶ್ವಾಸಕೋಶದ ಕ್ಯಾನ್ಸರುಗಳಲ್ಲಿ ಸುಮಾರು ಶೇ 85ರಷ್ಟು 'ಸಣ್ಣಕಣವಲ್ಲದ' ಬಗೆಯವು. ಉಳಿದವು 'ಸಣ್ಣಕಣ'ದ ಬಗೆಯವು. ಇವು ಬಹು ಬೇಗ ಹರಡುವುದರಿಂದ ಶಸ್ತ್ರಚಿಕಿತ್ಸೆಗೆ ಸಿಗುವುದು ಅಪರೂಪ. ಮೊದಲ ಬಗೆಯ ಆರಂಭಿಕ ಹಂತದಲ್ಲಿ ಶಸ್ತ್ರಚಿಕಿತ್ಸೆಯೇ ಪ್ರಧಾನ ಚಿಕಿತ್ಸೆ.

ಇದರ ಇತಿಹಾಸದಲ್ಲಿ ಒಂದು ಪಾಠವಿದೆ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಡಾ. ಎವಾರ್ಟ್ಸ್ ಗ್ರಹಾಂ ಅವರು ಕ್ಯಾನ್ಸರ್ ತಗುಲಿದ ಒಂದು ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದುಹಾಕಿದರು. ರೋಗಿ ಜೇಮ್ಸ್ ಗಿಲ್ಮೋರ್ ಸ್ವತಃ ವೈದ್ಯರು. ಒಂದೇ ಶ್ವಾಸಕೋಶದಲ್ಲಿ ಅವರು ಸುಮಾರು ಮೂವತ್ತು ವರ್ಷ ಬದುಕಿದರು. ಗ್ರಹಾಂ ಮುಂದೆ 1950ರಲ್ಲಿ ಅರ್ನ್‌ಸ್ಟ್ ವೈಂಡರ್ ಜೊತೆಗೂಡಿ ಧೂಮಪಾನಕ್ಕೂ ಈ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದ ಪ್ರಬಂಧ ಪ್ರಕಟಿಸಿದರು. ತಾವೇ ದೀರ್ಘಕಾಲ ಸಿಗರೇಟು ಸೇದಿದ್ದ ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಮೃತಪಟ್ಟರು. ಅವರಿಂದ ಗುಣಮುಖರಾದ ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದ್ದರು.

ಇಂದು ಇಡೀ ಶ್ವಾಸಕೋಶ ತೆಗೆಯುವ ಪ್ರಮೇಯ ಕಡಿಮೆ. ಗಡ್ಡೆ ಇರುವ ಒಂದು ಹಾಲೆಯನ್ನು ಮತ್ತು ಅದರ ಸುತ್ತಲಿನ ದುಗ್ಧಗ್ರಂಥಿಗಳನ್ನು ತೆಗೆಯುವುದು ರೂಢಿಯ ಕ್ರಮ. ಎರಡು ಸೆಂ.ಮೀ. ಒಳಗಿನ, ಅಂಚಿನಲ್ಲಿರುವ ಗಡ್ಡೆಗೆ ಹಾಲೆಯ ಒಂದು ಭಾಗವನ್ನಷ್ಟೇ ತೆಗೆದರೂ ಸಾಕಾಗಬಹುದು ಎಂದು ಜಪಾನಿನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೂ, ಅಮೆರಿಕದಿಂದ 2023ರಲ್ಲಿ ಪ್ರಕಟವಾದ ಅಧ್ಯಯನವೂ ತೋರಿಸಿವೆ. ಎಷ್ಟು ಬೇಗ ಪತ್ತೆಯಾಗುವುದೋ ಅಷ್ಟು ಕಡಿಮೆ ಶ್ವಾಸಕೋಶವನ್ನು ಕಳೆದುಕೊಳ್ಳಬೇಕಾಗುತ್ತದೆ ಎಂದು ಇದರರ್ಥ. ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡುವ ವಿಧಾನದಿಂದ ನೋವು ಕಡಿಮೆ, ಚೇತರಿಕೆ ಬೇಗ.

ಶಸ್ತ್ರಚಿಕಿತ್ಸೆಗೆ ಮುನ್ನ ಉಳಿಯುವ ಶ್ವಾಸಕೋಶ ರೋಗಿಗೆ ಸಾಲುವುದೇ ಎಂದು ಊದುವ ಯಂತ್ರದಲ್ಲಿ ಅಳೆಯುತ್ತಾರೆ. ಹೃದಯದ ಪರೀಕ್ಷೆಯೂ ಆಗುತ್ತದೆ. ಬೀಡಿ, ಸಿಗರೇಟನ್ನು ಆ ದಿನದಿಂದಲೇ ಬಿಡಬೇಕು. ಉಸಿರಾಟದ ವ್ಯಾಯಾಮ ಮತ್ತು ನಡಿಗೆ ಮೊದಲೂ ಬೇಕು, ನಂತರವೂ ಬೇಕು. ಚೇತರಿಸಿಕೊಂಡ ಮೇಲೆ ಬಹುತೇಕ ಜನ ದೈನಂದಿನ ಕೆಲಸಗಳಿಗೆ ಮರಳುತ್ತಾರೆ. ಭಾರ ಹೊರುವ, ಏರು ಹತ್ತುವ ಕೆಲಸಗಳಲ್ಲಿ ಮೊದಲಿಗಿಂತ ಬೇಗ ದಣಿವಾಗಬಹುದು.

ಶಸ್ತ್ರಚಿಕಿತ್ಸೆ ಆಗದಿದ್ದರೆ?

ವಯಸ್ಸು, ಹೃದ್ರೋಗ ಅಥವಾ ದೀರ್ಘಕಾಲದ ದಮ್ಮಿನಿಂದಾಗಿ ಶಸ್ತ್ರಚಿಕಿತ್ಸೆ ತಾಳಲಾಗದವರಿಗೂ ಮೊದಲ ಹಂತದಲ್ಲಿ ಗುಣವಾಗುವ ದಾರಿಯಿದೆ. ಹಲವು ದಿಕ್ಕುಗಳಿಂದ ಅತಿ ನಿಖರವಾಗಿ ಗಡ್ಡೆಯ ಮೇಲೆಯೇ ಪ್ರಬಲ ವಿಕಿರಣ ಹಾಯಿಸುವ ಎಸ್.ಬಿ.ಆರ್.ಟಿ. ಎಂಬ ಚಿಕಿತ್ಸೆ ಅದು. ಹಳೆಯ ವಿಕಿರಣ ಚಿಕಿತ್ಸೆಯಂತೆ ವಾರಗಟ್ಟಲೆ ಬೇಕಿಲ್ಲ, ಸಾಮಾನ್ಯವಾಗಿ ಮೂರರಿಂದ ಎಂಟು ಸರದಿಗಳಲ್ಲಿ ಮುಗಿಯುತ್ತದೆ. ಅರಿವಳಿಕೆಯಾಗಲಿ ಗಾಯವಾಗಲಿ ಇಲ್ಲ. ಚಿಕಿತ್ಸೆ ಪಡೆದ ಜಾಗದಲ್ಲಿ ಗಡ್ಡೆ ಹತೋಟಿಗೆ ಬರುವ ಪ್ರಮಾಣ ಶೇ 90ರ ಆಸುಪಾಸಿನಲ್ಲಿದೆ.

ಔಷಧಗಳ ಪಾತ್ರ

ಗಡ್ಡೆಯನ್ನು ಪೂರ್ತಿ ತೆಗೆದರೂ ಕಣ್ಣಿಗೆ ಕಾಣದ ಕೆಲವು ಜೀವಕೋಶಗಳು ರಕ್ತದಲ್ಲಿ ಸೇರಿ ಉಳಿದಿರಬಹುದು. ಎರಡನೆಯ ಹಂತದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯ ನಂತರ ಸಿಸ್‌ಪ್ಲಾಟಿನ್ ಆಧಾರಿತ ನಾಲ್ಕು ಸುತ್ತಿನ ಕಿಮೋಥೆರಪಿ ನೀಡುವುದು ಇದಕ್ಕಾಗಿ. ಇದರಿಂದ ಐದು ವರ್ಷ ಬದುಕುವವರ ಪ್ರಮಾಣ ನೂರಕ್ಕೆ ಐದರಷ್ಟು ಹೆಚ್ಚುತ್ತದೆ. ಚಿಕ್ಕ ಗಡ್ಡೆಯ ಮೊದಲ ಹಂತದವರಿಗೆ ಸಾಮಾನ್ಯವಾಗಿ ಕಿಮೋ ಬೇಕಾಗುವುದಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಎರಡು ಹೊಸ ಬಗೆಯ ಔಷಧಗಳು ಆರಂಭಿಕ ಹಂತಕ್ಕೂ ಬಂದಿವೆ. ಇಜಿಎಫ್‌ಆರ್ ಎಂಬ ವಂಶವಾಹಿಯಲ್ಲಿ ಬದಲಾವಣೆ ಇರುವವರಿಗೆ ಒಸಿಮೆರ್ಟಿನಿಬ್ ಮಾತ್ರೆ ಅವುಗಳಲ್ಲೊಂದು. ಶಸ್ತ್ರಚಿಕಿತ್ಸೆಯ ನಂತರ ಮೂರು ವರ್ಷದವರೆಗೆ ಇದನ್ನು ನೀಡಿದ ಅಧ್ಯಯನದ 2023ರ ಫಲಿತಾಂಶದಂತೆ, ಐದು ವರ್ಷದ ನಂತರ ಬದುಕಿದ್ದವರು ಶೇ 88. ಮಾತ್ರೆ ಪಡೆಯದವರಲ್ಲಿ ಇದು ಶೇ 78. ಈ ವಂಶವಾಹಿ ಬದಲಾವಣೆ ಭಾರತೀಯರಲ್ಲಿ, ಅದರಲ್ಲೂ ಧೂಮಪಾನ ಮಾಡದವರಲ್ಲಿ ಪಾಶ್ಚಾತ್ಯರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಹಾಗಾಗಿ ಬಯಾಪ್ಸಿಯ ಚೂರಿನಲ್ಲಿ ಈ ಪರೀಕ್ಷೆ ಮಾಡಿಸುವುದು ಅಗತ್ಯ. ದುಬಾರಿಯಾದ ಈ ಔಷಧದ ಮೇಲಿನ ಆಮದು ಸುಂಕವನ್ನು 2024ರ ಜುಲೈನ ಕೇಂದ್ರ ಬಜೆಟ್‌ನಲ್ಲಿ ತೆಗೆದುಹಾಕಲಾಯಿತು.

ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ವಿರುದ್ಧ ಎಬ್ಬಿಸುವ ಇಮ್ಯುನೋಥೆರಪಿ ಇನ್ನೊಂದು. ದೊಡ್ಡ ಗಡ್ಡೆ ಅಥವಾ ಗ್ರಂಥಿ ತಗುಲಿದ ಕೆಲವರಿಗೆ ಇದನ್ನು ಕಿಮೋ ಜೊತೆ ಸೇರಿಸಿ ಶಸ್ತ್ರಚಿಕಿತ್ಸೆಗೆ ಮೊದಲೇ ನೀಡಲಾಗುತ್ತದೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹೀಗೆ ಚಿಕಿತ್ಸೆ ಪಡೆದ ನಾಲ್ವರಲ್ಲಿ ಸುಮಾರು ಒಬ್ಬರ ಗಡ್ಡೆಯಲ್ಲಿ, ಶಸ್ತ್ರಚಿಕಿತ್ಸೆಯ ವೇಳೆಗೆ, ಜೀವಂತ ಕ್ಯಾನ್ಸರ್ ಕಣವೇ ಉಳಿದಿರಲಿಲ್ಲ. ಚಿಕಿತ್ಸೆ ಮುಗಿದ ಮೇಲೂ ಮೊದಲ ಎರಡು ಮೂರು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿ ನಿಗಾ ಇಡಬೇಕಾಗುತ್ತದೆ.

ಲಕ್ಷಣಕ್ಕೆ ಮುನ್ನವೇ ತಪಾಸಣೆ

ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಧೂಮಪಾನಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಡಿಮೆ ವಿಕಿರಣದ ಸಿ.ಟಿ. ಸ್ಕ್ಯಾನನ್ನು ವರ್ಷಕ್ಕೊಮ್ಮೆ ಮಾಡಿಸಿದವರಲ್ಲಿ ಈ ಕ್ಯಾನ್ಸರಿನಿಂದಾಗುವ ಸಾವು ಎಕ್ಸ್‌ರೇ ಮಾಡಿಸಿದವರಿಗಿಂತ ಶೇ 20ರಷ್ಟು ಕಡಿಮೆಯಾಯಿತು. ಆ ದೇಶದಲ್ಲಿ 50ರಿಂದ 80 ವರ್ಷದೊಳಗಿನ, ದಿನಕ್ಕೆ ಒಂದು ಪ್ಯಾಕ್‌ನಂತೆ ಇಪ್ಪತ್ತು ವರ್ಷ ಅಥವಾ ಅದಕ್ಕೆ ಸಮನಾದಷ್ಟು ಸಿಗರೇಟು ಸೇದಿದವರಿಗೆ ಈ ತಪಾಸಣೆಯನ್ನು ಶಿಫಾರಸು ಮಾಡಲಾಗಿದೆ. ಈಗ ಬಿಟ್ಟವರೂ, ಬಿಟ್ಟು ಹದಿನೈದು ವರ್ಷವಾಗಿಲ್ಲದಿದ್ದರೆ, ಇದರಲ್ಲಿ ಸೇರುತ್ತಾರೆ.

ಭಾರತದ ಸರಕಾರಿ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿವೆ, ಶ್ವಾಸಕೋಶದ್ದಿಲ್ಲ. ಕ್ಷಯದ ಹಳೆಯ ಗುರುತುಗಳು ಇಲ್ಲಿ ಸಾಮಾನ್ಯವಾದ್ದರಿಂದ ಎಲ್ಲರಿಗೂ ಸ್ಕ್ಯಾನ್ ಮಾಡಿದರೆ ಅನಗತ್ಯ ಭಯ, ಅನಗತ್ಯ ಸೂಜಿ ಹೆಚ್ಚಾದೀತು ಎಂಬ ವಾದಕ್ಕೆ ತೂಕವಿದೆ. ಆದ್ದರಿಂದ ಐವತ್ತು ದಾಟಿದ, ದಶಕಗಳ ಕಾಲ ಬೀಡಿ ಅಥವಾ ಸಿಗರೇಟು ಸೇದಿದ ವ್ಯಕ್ತಿ ಎದೆರೋಗ ತಜ್ಞರೊಂದಿಗೆ ಚರ್ಚಿಸಿ ನಿರ್ಧರಿಸುವುದು ಉಚಿತ.

ಎಲ್ಲಿಗೆ ಹೋಗಬೇಕು? ಖರ್ಚು ಹೇಗೆ?

ಮನ್ನಾಏಖೇಳ್ಳಿ, ಚಿಟಗುಪ್ಪ, ಹುಮನಾಬಾದ್, ಬಸವಕಲ್ಯಾಣ ಭಾಗದವರಿಗೆ ಮೊದಲ ಮೆಟ್ಟಿಲು ಸಮೀಪದ ಸರಕಾರಿ ಆಸ್ಪತ್ರೆ. ಮುಂದಿನದು ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಬ್ರಿಮ್ಸ್. ಕ್ಯಾನ್ಸರ್ ಚಿಕಿತ್ಸೆಗೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಬೆಂಗಳೂರಿನ ಕಿದ್ವಾಯಿ, ಹೈದರಾಬಾದಿನ ಎಂ.ಎನ್.ಜೆ., ಸೊಲ್ಲಾಪುರ ಜಿಲ್ಲೆ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಈ ಭಾಗದ ರೋಗಿಗಳಿಗೆ ಇರುವ ಇತರ ದಾರಿಗಳು. ಎದೆಯ ಶಸ್ತ್ರಚಿಕಿತ್ಸೆಯನ್ನು ನಿತ್ಯ ಮಾಡುವ ತಂಡವಿರುವ ಆಸ್ಪತ್ರೆಯನ್ನು ಆರಿಸಿಕೊಳ್ಳುವುದು ಒಳಿತು, ಸ್ವಲ್ಪ ದೂರವಾದರೂ ಚಿಂತೆಯಿಲ್ಲ.

ರಾಜ್ಯದಲ್ಲಿ 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವು ಸಿಗುತ್ತದೆ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇ 30ರಷ್ಟು, ಗರಿಷ್ಠ ಒಂದೂವರೆ ಲಕ್ಷ ರೂಪಾಯಿ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಪಡೆಯಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರವಿಲ್ಲದೆ ನೇರವಾಗಿ ದಾಖಲಾಗಿ, ಆಮೇಲೆ ಹೊಲ ಅಡವಿಡುವ ಸ್ಥಿತಿ ತಂದುಕೊಳ್ಳಬಾರದು. ಗಡಿಯಾಚೆಯ ಆಸ್ಪತ್ರೆಗೆ ಹೋಗುವವರು ತಮ್ಮ ಕಾರ್ಡ್ ಅಲ್ಲಿ ನಡೆಯುವುದೇ ಎಂದು ಹೊರಡುವ ಮುನ್ನವೇ ವಿಚಾರಿಸಬೇಕು. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಹಾಗೂ ಜೊತೆಯಲ್ಲಿ ಹೋಗುವ ಒಬ್ಬರಿಗೆ ರೈಲು ದರದಲ್ಲಿ ರಿಯಾಯಿತಿಯಿದೆ. ಸ್ಲೀಪರ್ ದರ್ಜೆಯಲ್ಲಿ ರೋಗಿಗೆ ಪೂರ್ಣ ವಿನಾಯಿತಿ. ಬೀದರ್-ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರಿನಲ್ಲಿ ಆರಂಭವಾದ ಮೇಲೆ ಹುಮನಾಬಾದಿನಿಂದಲೂ ಈ ಸೌಲಭ್ಯ ಬಳಸಿಕೊಳ್ಳಬಹುದಾಗಿದೆ.

ತಡೆಯುವುದು ಹೇಗೆ?

2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇ 7.7ರಷ್ಟು ಜನ ಬೀಡಿ ಸೇದಿದರೆ ಸಿಗರೇಟು ಸೇದುವವರು ಶೇ 4. ಎಲೆಯಲ್ಲಿ ಸುತ್ತಿದ್ದು, ಸಣ್ಣದು ಎಂಬ ಕಾರಣಕ್ಕೆ ಬೀಡಿ ನಿರಪಾಯಕಾರಿ ಎಂದು ನಂಬುವವರಿದ್ದಾರೆ. ಅದು ಆರದಂತೆ ಪದೇ ಪದೇ, ಆಳವಾಗಿ ಎಳೆಯಬೇಕಾದ್ದರಿಂದ ಹೊಗೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಬೀಡಿಯಿಂದಲೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಎಂಬುದು ಸಿದ್ಧವಾದ ಸಂಗತಿ. ಬಿಟ್ಟು ಹತ್ತು ವರ್ಷವಾಗುವ ಹೊತ್ತಿಗೆ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ. ಬಿಡಲು ನೆರವು ಬೇಕಾದವರು ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.

ತಂಬಾಕು ಮುಟ್ಟದವರಿಗೂ ಈ ರೋಗ ಬರುತ್ತದೆ. ಮನೆಯಲ್ಲಿ ಇತರರು ಬಿಟ್ಟ ಹೊಗೆ, ಒಲೆಯ ಹೊಗೆ, ವಾಯುಮಾಲಿನ್ಯ ಇವೂ ಕಾರಣಗಳ ಪಟ್ಟಿಯಲ್ಲಿವೆ. ಹೀಗಾಗಿ 'ಅವಳು ಬೀಡಿ ಸೇದುವುದಿಲ್ಲವಲ್ಲ' ಎಂದು ಹೆಣ್ಣುಮಕ್ಕಳ ದೀರ್ಘಕಾಲದ ಕೆಮ್ಮನ್ನು ಬದಿಗೆ ಸರಿಸುವುದು ತಪ್ಪು.

ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ, ಅದರಲ್ಲಿ ಕ್ಷಯ ಸಿಗದಿದ್ದರೆ ಎಕ್ಸ್‌ರೇ, ಕಲೆ ಕರಗದಿದ್ದರೆ ಸಿ.ಟಿ., ಸಿ.ಟಿ.ಯಲ್ಲಿ ಶಂಕೆ ಮೂಡಿದರೆ ಬಯಾಪ್ಸಿ. ಈ ಮೆಟ್ಟಿಲುಗಳನ್ನು ತಿಂಗಳುಗಳಲ್ಲಲ್ಲ, ವಾರಗಳಲ್ಲಿ ಹತ್ತಬೇಕು. ಹಾಗೆ ಹೊರಡುವಾಗ ಟ್ರಂಕಿನಲ್ಲೋ ಜಂತಿಯಲ್ಲೋ ಇಟ್ಟಿರುವ ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ಮರೆಯದೆ ಜೊತೆಗೆ ಒಯ್ಯಬೇಕು.